ಮರುಕಳಿಸುವ ಮೊಣಕಾಲು ಊತ (ದೀರ್ಘದೂರದ ಕ್ರೀಡಾಪಟುಗಳಲ್ಲಿ)

ಮರುಕಳಿಸುವ ಮೊಣಕಾಲು ಊತ ಎಂದರೆ ಮಂಡಿಯ ಕೀಲಿನೊಳಗೆ ಅಥವಾ ಅದರ ಸುತ್ತ ದ್ರವವು ಪದೇ ಪದೇ ಸಂಗ್ರಹವಾಗಿ ಮಂಡಿ ಬಾತುಕೊಳ್ಳುವ ಸ್ಥಿತಿ. ಮ್ಯಾರಥಾನ್ ಓಟಗಾರರು, ಟ್ರಯಥ್ಲಾನ್ ಪಟುಗಳು ಮತ್ತು ದೀರ್ಘದೂರದ ಸೈಕಲ್ ಸವಾರರಲ್ಲಿ ಇದು ಕಾಣಿಸಿಕೊಳ್ಳಬಹುದು. ಊತವು ಸ್ವತಃ ರೋಗವಲ್ಲ. ಬೇರೊಂದು ತೊಂದರೆಯ ಲಕ್ಷಣ. ಆದ್ದರಿಂದ ಊತ ಇಳಿದ ಮಾತ್ರಕ್ಕೆ ಮೊಣಕಾಲು ಗುಣವಾಗಿದೆ ಎಂದು ಹೇಳಲಾಗದು.

ಕಾರಣಗಳು

ಕೀಲಿನ ಒಳಪೊರೆಯು ಮೂಳೆಗಳ ನಡುವಿನ ಘರ್ಷಣೆಯನ್ನು ತಗ್ಗಿಸಲು ಅಲ್ಪ ಪ್ರಮಾಣದ ಕೀಲುರಸವನ್ನು ಸ್ರವಿಸುತ್ತದೆ. ಈ ಪೊರೆಗೆ ಕಿರಿಕಿರಿಯಾದಾಗ ರಸದ ಪ್ರಮಾಣ ಹೆಚ್ಚುತ್ತದೆ. ಮಿನಿಸ್ಕಸ್‌ ಹರಿಯುವುದು, ಮೃದ್ವಸ್ಥಿಯ ಸವೆತ ಮತ್ತು ತರಬೇತಿಯ ಹೊರೆಯನ್ನು ಒಮ್ಮೆಲೇ ಏರಿಸುವುದು ಇದಕ್ಕೆ ಸಾಮಾನ್ಯ ಕಾರಣಗಳು. ಗೌಟ್, ರುಮಟಾಯ್ಡ್ ಸಂಧಿವಾತ ಮುಂತಾದ ಕಾಯಿಲೆಗಳೂ ಕಾರಣವಾಗಬಹುದು. ಪೆಟ್ಟಾದ ಕೆಲವೇ ಗಂಟೆಗಳಲ್ಲಿ ಬರುವ ಊತವು ಕೀಲಿನೊಳಗಿನ ರಕ್ತಸ್ರಾವವನ್ನು ಸೂಚಿಸಬಹುದು. ಮಿನಿಸ್ಕಸ್‌ನ ಗಾಯದಲ್ಲಿ ಊತವು ಹೆಚ್ಚಾಗಿ ಮರುದಿನದ ಹೊತ್ತಿಗೆ ಕಾಣಿಸುತ್ತದೆ.

ಸ್ನಾಯುಗಳ ಮೇಲಿನ ಪರಿಣಾಮ

ಕೀಲಿನಲ್ಲಿ ದ್ರವ ತುಂಬಿದಾಗ ತೊಡೆಯ ಮುಂಭಾಗದ ಸ್ನಾಯುಗಳಿಗೆ ನರಗಳ ಪ್ರಚೋದನೆ ಕಡಿಮೆಯಾಗುತ್ತದೆ. ಸುಮಾರು 20ರಿಂದ 30 ಮಿಲಿಲೀಟರ್ ದ್ರವವೂ ಈ ಸ್ನಾಯುಗಳ ಒಳಭಾಗವನ್ನು ದುರ್ಬಲಗೊಳಿಸಬಲ್ಲದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ನೋವಿಲ್ಲದಿದ್ದರೂ ಹೀಗಾಗಬಹುದು. ದುರ್ಬಲ ಸ್ನಾಯು ಆಘಾತವನ್ನು ಹೀರಿಕೊಳ್ಳದಿರುವುದರಿಂದ ಕೀಲಿನ ಮೇಲಿನ ಹೊರೆ ಹೆಚ್ಚಿ ಊತ ಮರಳುತ್ತದೆ. ನೋವಿಲ್ಲವೆಂದು ಊದಿದ ಮಂಡಿಯಲ್ಲೇ ಓಟ ಮುಂದುವರಿಸುವವರಲ್ಲಿ ಸಮಸ್ಯೆ ಮರುಕಳಿಸಲು ಇದು ಒಂದು ಕಾರಣ.

ರೋಗನಿರ್ಣಯ

ವೈದ್ಯರು ದೈಹಿಕ ಪರೀಕ್ಷೆಯ ಜೊತೆಗೆ ಕ್ಷ-ಕಿರಣ ಅಥವಾ ಎಂಆರ್‌ಐ ಚಿತ್ರಣವನ್ನು ಬಳಸುತ್ತಾರೆ. ಸೂಜಿಯಿಂದ ಹೊರತೆಗೆದ ದ್ರವದಲ್ಲಿ ರಕ್ತ, ಹರಳು ಅಥವಾ ಸೋಂಕು ಇದೆಯೇ ಎಂದು ಪರೀಕ್ಷಿಸಬಹುದು. ದ್ರವ ತೆಗೆಯುವುದರಿಂದ ಬಿಗಿತ ಕಡಿಮೆಯಾದರೂ ಮೂಲ ಕಾರಣ ಉಳಿದರೆ ಅದು ಮತ್ತೆ ತುಂಬಿಕೊಳ್ಳುತ್ತದೆ.

ನಿರ್ವಹಣೆ

ಆರಂಭದಲ್ಲಿ ಓಟವನ್ನು ನಿಲ್ಲಿಸುವುದು ಅಥವಾ ತಗ್ಗಿಸುವುದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡುವುದು, ಪಟ್ಟಿ ಕಟ್ಟುವುದು ಮತ್ತು ಕಾಲನ್ನು ಎತ್ತರದಲ್ಲಿರಿಸುವುದು ರೂಢಿಯಲ್ಲಿವೆ. ಬಳಿಕ ಫಿಸಿಯೋಥೆರಪಿಯ ಮೂಲಕ ತೊಡೆ ಮತ್ತು ಸೊಂಟದ ಸ್ನಾಯುಗಳನ್ನು ಬಲಪಡಿಸಲಾಗುತ್ತದೆ. ಓಟಕ್ಕೆ ಮರಳುವಾಗ ಮರುದಿನ ಬೆಳಗಿನ ಮಂಡಿಯ ಗಾತ್ರ ಉಪಯುಕ್ತ ಸೂಚಕ: ಊತ ಹೆಚ್ಚಿದ್ದರೆ ಹಿಂದಿನ ದಿನದ ಹೊರೆ ಅತಿಯಾಯಿತೆಂದು ಅರ್ಥ. ಈಜು ದೇಹದಾರ್ಢ್ಯವನ್ನು ಉಳಿಸಿಕೊಳ್ಳಲು ನೆರವಾಗುತ್ತದೆ.

ಉರಿಯೂತ ನಿವಾರಕ ಮಾತ್ರೆ ನುಂಗಿ ದೀರ್ಘ ಓಟಕ್ಕಿಳಿಯುವುದು, ವಿಶೇಷವಾಗಿ ನಿರ್ಜಲೀಕರಣವಾದಾಗ, ಮೂತ್ರಪಿಂಡಗಳಿಗೆ ಅಪಾಯಕರ. ಗ್ಲೂಕೋಕಾರ್ಟಿಕಾಯ್ಡ್ ಚುಚ್ಚುಮದ್ದುಗಳನ್ನು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯು 2022ರ ಜನವರಿ 1ರಿಂದ ಸ್ಪರ್ಧಾವಧಿಯಲ್ಲಿ ನಿಷೇಧಿಸಿದೆ. ಕೀಲಿಗೆ ನೀಡುವ ಚುಚ್ಚುಮದ್ದಿಗೂ ಇದು ಅನ್ವಯಿಸುತ್ತದೆ.

ಪ್ರಸಿದ್ಧ ಪ್ರಕರಣ

ಅಮೆರಿಕದ ಓಟಗಾರ್ತಿ ಜೋನ್ ಬೆನೊಯಿಟ್ ಮೊಣಕಾಲಿನ ತೊಂದರೆಯಿಂದಾಗಿ 1984ರ ಏಪ್ರಿಲ್‌ನಲ್ಲಿ ಆರ್ತ್ರೋಸ್ಕೋಪಿ ಶಸ್ತ್ರಚಿಕಿತ್ಸೆಗೆ ಒಳಗಾದರು. 17 ದಿನಗಳ ನಂತರ ಒಲಿಂಪಿಕ್ ಆಯ್ಕೆ ಸ್ಪರ್ಧೆಯನ್ನು ಗೆದ್ದ ಅವರು, ಆಗಸ್ಟ್ 5ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಮೊದಲ ಮಹಿಳಾ ಒಲಿಂಪಿಕ್ ಮ್ಯಾರಥಾನ್‌ನಲ್ಲಿ 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಗುರಿ ತಲುಪಿ ಚಿನ್ನ ಪಡೆದರು. ಇಷ್ಟು ಶೀಘ್ರ ಚೇತರಿಕೆ ಅಪರೂಪವಾಗಿದ್ದು, ಇತರರಿಗೆ ಮಾನದಂಡವಾಗಲಾರದು.

ತುರ್ತು ಲಕ್ಷಣಗಳು

ಊತದೊಂದಿಗೆ ಜ್ವರ, ಕೆಂಪು ಬಣ್ಣ ಮತ್ತು ಬಿಸಿ ಕಂಡುಬಂದರೆ ಕೀಲಿನ ಸೋಂಕಿನ ಸಾಧ್ಯತೆ ಇರುತ್ತದೆ. ಮಂಡಿ ಸಿಕ್ಕಿಕೊಂಡು ಚಾಚಲಾಗದಿದ್ದರೆ, ಕಾಲಿನ ಮೇಲೆ ಭಾರ ಹಾಕಲಾಗದಿದ್ದರೆ ಅಥವಾ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.