ಹಗೇವಿನ ಜೋಳವಲ್ಲ, ಕಂಪ್ಯೂಟರ್ ಕಡತ

ಜೋಳ ತುಂಬಿ ಹಗೇವಿನ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಅತ್ತ ತಿರುಗಿ ನೋಡಬೇಕಿಲ್ಲ ಎಂಬುದು ಕಲಬುರಗಿ ಸೀಮೆಯ ಹಿರಿಯರಿಗೆ ಗೊತ್ತು. ಕಂಪ್ಯೂಟರ್ ಕಡತದ ಜಾತಿ ಬೇರೆ. ಮುಚ್ಚಿಟ್ಟು ಮರೆತರೆ ಕೈಬಿಟ್ಟಂತೆಯೇ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಸುಪರ್ದಿಗೆ ಬಂದವು, ಈಗ ‘ಅರಿವು ಕೇಂದ್ರ’ಗಳಾಗಿವೆ. ಹಲವೆಡೆ ಕಪಾಟಿನ ಪಕ್ಕ ಕಂಪ್ಯೂಟರೂ ಕೂತಿದೆ. ಅದರಲ್ಲಿ ತೆರೆದುಕೊಳ್ಳುವ ಇ-ಪುಸ್ತಕದ ಮೂಲ ಬೇರೆಲ್ಲೋ ಇರುತ್ತದೆ, ಅದರ ಚಿಂತೆ ಬೇಡ. ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳು ಚಿಂತಿಸಬೇಕಾದ್ದು ಊರಲ್ಲೇ ಹುಟ್ಟಿದ್ದರ ಬಗ್ಗೆ: ಬಯಲಾಟದ ಕೈಬರಹದ ಪ್ರತಿ, ಮೊಹರಂ ಪದಗಳ ಧ್ವನಿಮುದ್ರಣ, ಹಳೇ ಜಾತ್ರೆಯ ಕರಪತ್ರ.

ಇವನ್ನು ಸ್ಕ್ಯಾನ್ ಮಾಡಿ ಪೆನ್‌ಡ್ರೈವಿಗೆ ಹಾಕಿದರೆ ಕೆಲಸ ಮುಗಿಯಿತು ಎನ್ನುವವರೇ ಹೆಚ್ಚು. ಪೆನ್‌ಡ್ರೈವ್ ಒಯ್ಯಲು ಒಳ್ಳೆಯದು, ಇಡಲು ಅಲ್ಲ. ಅದರಲ್ಲಿ ಮಾಹಿತಿ ನಿಂತಿರುವುದು ಸೂಕ್ಷ್ಮ ವಿದ್ಯುದಾವೇಶದ ಮೇಲೆ. ಬಹುಕಾಲ ಬಳಸದೆ ಬಿಟ್ಟರೆ ಅದು ಸೋರಿಹೋಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ನಮ್ಮ ಮೇ ತಿಂಗಳ ಬಿಸಿಲು ಗೊತ್ತೇ ಇದೆಯಲ್ಲ!

ಹಾರ್ಡ್‌ಡಿಸ್ಕ್ ವಾಸಿ, ಆದರೆ ಒಂದೇ ಸಾಲದು. ಎ4 ಅಳತೆಯ ಒಂದು ಪುಟವನ್ನು 300 ಡಿಪಿಐ ಬಣ್ಣದಲ್ಲಿ ಟಿಫ್ ಆಗಿ ಉಳಿಸಿದರೆ ಸುಮಾರು 26 ಎಂಬಿ. 200 ಪುಟದ ಪುಸ್ತಕಕ್ಕೆ 5 ಜಿಬಿ ದಾಟುತ್ತದೆ. 4 ಟಿಬಿ ಡಿಸ್ಕಿನಲ್ಲಿ ಇಂಥ ಏಳೆಂಟು ನೂರು ಪುಸ್ತಕ ಹಿಡಿಸುತ್ತವೆ. ಅದು ಕೈಜಾರಿ ಬಿದ್ದರೆ ಅಷ್ಟೂ ಒಟ್ಟಿಗೇ ಹೋಗುತ್ತವೆ. ಹಾಗಾಗಿ ಬಲ್ಲವರು ಹೇಳುವುದು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ದೂರದೂರಲ್ಲಿ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ನುಗ್ಗಿದ್ದನ್ನು ಕಂಡವರಿಗೆ ‘ದೂರದೂರು’ ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಹೊಳೆದಂಡೆಯ ಎರಡು ಮನೆಯಲ್ಲಿ ಎರಡು ಪ್ರತಿ ಇಟ್ಟರೆ ಅದು ಒಂದೇ ಪ್ರತಿ.

ಪ್ರತಿಯನ್ನು ದೂರದಲ್ಲಿಡುವ ಮಾದರಿಗೆ ಬಹಳ ದೂರ ಹೋಗಬೇಕಿಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಪಿಎಚ್‌.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಸಲ್ಲಿಸಬೇಕೆಂದು ಯುಜಿಸಿ ನಿಯಮ ಮಾಡಿದ್ದೂ ಅದೇ ವರ್ಷ. ಅವು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ ಸೇರುತ್ತವೆ. ಅದು ಓಡುವುದು ಡಿಸ್ಪೇಸ್ ಎಂಬ ಮುಕ್ತ ತಂತ್ರಾಂಶದಲ್ಲಿ. ಹಳ್ಳಿಗೆ ಅಷ್ಟೆಲ್ಲ ಬೇಡ, ತಾಲ್ಲೂಕು ಕೇಂದ್ರದಲ್ಲೊಂದು ಡಿಸ್ಕ್, ಬೇರೆ ಜಿಲ್ಲೆಯಲ್ಲೊಂದು ಡಿಸ್ಕ್ ಇದ್ದರೂ ನಡೆದೀತು.

ಕನ್ನಡಿಗರಿಗೆ ಇನ್ನೊಂದು ತಾಪತ್ರಯವಿದೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ನನ್ನದೇ ಕಡತವೊಂದು ಈಚೆಗೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಂಡಿತು. ಕಡತ ಉಳಿದಿತ್ತು, ಬರಹ ಇರಲಿಲ್ಲ. ಫಾಂಟು ಕೈಯಲ್ಲಿರುವಾಗಲೇ ಯೂನಿಕೋಡಿಗೆ ಬದಲಿಸಿ, ಓದುವ ಪ್ರತಿಯನ್ನು ದೀರ್ಘಕಾಲದ ಸಂಗ್ರಹಕ್ಕೆಂದೇ ಇರುವ ಪಿಡಿಎಫ್‌/ಎ ಮಾಡಿಡುವುದು ಕ್ಷೇಮ. ಪ್ರತಿ ಕಡತಕ್ಕೂ ‘ಚೆಕ್‌ಸಮ್’ ತೆಗೆದಿಟ್ಟರೆ ಕಡತದಿಂದ ಲೆಕ್ಕ ಹಾಕಿದ ಆ ಅಕ್ಷರಸಾಲು ಅದರ ಬೆರಳಚ್ಚಿನಂತೆ. ವರ್ಷಕ್ಕೊಮ್ಮೆ ತಾಳೆ ನೋಡಿದಾಗ ಒಂದಕ್ಷರ ಹೊಂದದಿದ್ದರೂ ಕಡತ ಬದಲಾಗಿದೆ ಎಂದರ್ಥ. ಇನ್ನೊಂದು ಪ್ರತಿಯಿಂದ ಸರಿಪಡಿಸಿಕೊಳ್ಳಬಹುದು.

ಇಷ್ಟಾದರೂ ಗ್ರಂಥಪಾಲಕರು ಬದಲಾದ ದಿನ ‘ನ್ಯೂ ಫೋಲ್ಡರ್ 3’ರಲ್ಲಿ ಏನಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ಕಪಾಟಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿ: ಯಾವ ಡಿಸ್ಕಿನಲ್ಲಿ ಏನು, ಯಾರ ಮನೆಯಿಂದ ಬಂದದ್ದು, ಕೊನೆಯ ಸಲ ತೆರೆದು ನೋಡಿದ ದಿನ ಯಾವುದು.