ಓದುವ ಮಕ್ಕಳ ಮೊದಲ ಕಾರು: ಸಾಲದ ಹೊಸದೋ, ಕೈಹಣದ ಹಳೆಯದೋ?

ಪ್ರತಿವರ್ಷ ಕಾಲೇಜು ಪ್ರವೇಶದ ಕಾಲ ಬಂದಿತೆಂದರೆ ಮಾದಾಪುರದ ನಮ್ಮ ಬ್ಯಾಂಕ್ ಶಾಖೆಗೆ ಪಾಲಕರು ಎರಡು ಬಗೆಯ ಸಾಲ ಕೇಳಿಕೊಂಡು ಬರುತ್ತಾರೆ. ಶಿಕ್ಷಣ ಸಾಲವನ್ನು ಧೈರ್ಯವಾಗಿ ಕೇಳುತ್ತಾರೆ. ಇನ್ನೊಂದನ್ನು ದನಿ ತಗ್ಗಿಸಿ ಕೇಳುತ್ತಾರೆ. ಕಳೆದ ಜೂನ್‌ನಲ್ಲಿ ರಾಯಚೂರು ಕಡೆಯ ಹಿರಿಯರೊಬ್ಬರು, ನಾವು ಕನ್ನಡದವರೆಂದು ತಿಳಿದೊಡನೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, "ಹುಡುಗ ಕಾರು ಬೇಕಂತಾನ್ರೀ ಸರ, ಸಾಲ ಸಿಗ್ತದೇನು?" ಎಂದರು. ಸಾಲವೇನೋ ಸಿಗುತ್ತದೆ. ಆದರೆ ಅದು ಯಾರಿಗೆ ಸಿಗುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು.

ವಿದ್ಯಾರ್ಥಿಗೆ ವರಮಾನವಿಲ್ಲ. ಆದ್ದರಿಂದ ಬ್ಯಾಂಕು ನೋಡುವುದು ತಂದೆಯ ಅಥವಾ ತಾಯಿಯ ಸಂಬಳದ ಚೀಟಿಯನ್ನು. ಮಗನ ಹೆಸರಿನ ಕಾರು ಸಾಲವೆಂದು ಮನೆಯಲ್ಲಿ ಹೇಳಿಕೊಂಡರೂ ಕಾಗದದಲ್ಲಿ ಅದು ತಂದೆಯ ಸಾಲವೇ. ಕಂತು ತಪ್ಪಿದರೆ ಕೆಡುವುದು ಅವರ ಸಾಲದ ಇತಿಹಾಸವೇ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷ ಕಳೆದ ಮೇಲೆ ಕಂತು ಆರಂಭವಾಗುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದರ ಬಡ್ಡಿಯ ಮೇಲೆ ವಿನಾಯಿತಿಯೂ ಉಂಟು. ಸಂಬಳದಾರನ ಸ್ವಂತ ಬಳಕೆಯ ಕಾರಿಗೆ ಇವೆರಡೂ ಇಲ್ಲ, ಮರು ತಿಂಗಳಿಂದಲೇ ಕಂತು.

ಲೆಕ್ಕವನ್ನೇ ನೋಡೋಣ. 5 ಲಕ್ಷ ರೂಪಾಯಿಯನ್ನು ಶೇಕಡಾ 9.5ರ ಬಡ್ಡಿಗೆ 7 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 8,170 ರೂಪಾಯಿ. ಒಟ್ಟು ಕಟ್ಟುವುದು 6.86 ಲಕ್ಷ. ವಿಮಾ ಕಂಪನಿಗಳು ಬಳಸುತ್ತ ಬಂದಿರುವ ಸವಕಳಿ ಕೋಷ್ಟಕದಲ್ಲಿ ಐದನೆಯ ವರ್ಷ ಕಳೆಯುವ ಹೊತ್ತಿಗೆ ಕಾರಿನ ಮೌಲ್ಯದಿಂದ ಅರ್ಧವನ್ನೇ ಕಳೆದುಬಿಡುತ್ತಾರೆ. ಆಗಲೂ ನಮ್ಮ ಸಾಲದಲ್ಲಿ ಎರಡು ವರ್ಷದ ಕಂತುಗಳು ಬಾಕಿ.

ಹಳೆಯ ಕಾರಿಗೇ ಸಾಲ ಪಡೆಯುವುದು ಇನ್ನೂ ತುಟ್ಟಿ. ಕೆಲವು ಕಡೆ "ಬರೀ 8 ಪರ್ಸೆಂಟ್" ಎನ್ನುತ್ತಾರೆ. ಅದು ಫ್ಲ್ಯಾಟ್ ದರ, ಎಂದರೆ ತೀರಿಸಿದ ಅಸಲಿನ ಮೇಲೂ ಕೊನೆಯವರೆಗೆ ಬಡ್ಡಿ. 3 ಲಕ್ಷಕ್ಕೆ 4 ವರ್ಷದ ಅವಧಿಯಲ್ಲಿ ಇದು ತಿಂಗಳಿಗೆ 8,250 ರೂಪಾಯಿ ಆಗುತ್ತದೆ. ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ ಹಾಕುವ ಲೆಕ್ಕಕ್ಕೆ ತಿರುಗಿಸಿದರೆ ದರ ಶೇಕಡಾ 14ನ್ನು ದಾಟುತ್ತದೆ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಲ ಕೊಡುವವರು ಖರ್ಚೆಲ್ಲ ಸೇರಿದ ವಾರ್ಷಿಕ ದರವನ್ನು ಒಂದು ಹಾಳೆಯಲ್ಲಿ ಬರೆದು ಕೊಡಲೇಬೇಕು. ಕೇಳಿ ಪಡೆಯಿರಿ.

ಹೀಗಾಗಿ, ಕಾರು ಬೇಕೇ ಬೇಕೆಂದಾದರೆ ಕೈಯಲ್ಲಿರುವ ಹಣಕ್ಕೆ ಸಿಗುವ ಹಳೆಯ ಕಾರೇ ಲೇಸೆಂದು ನಮ್ಮ ಅಭಿಪ್ರಾಯ. ಕಲಿಯುವ ಕೈಗೆ ಹೊಸ ಬಣ್ಣದ ಚಿಂತೆ ಏಕೆ? 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿರುವುದರಿಂದ ಹಳೆಯದರ ಬೆಲೆಯನ್ನೂ ಜಗ್ಗಿ ಕೇಳಬಹುದು. ಹದಿನೈದು ವರ್ಷ ಸಮೀಪಿಸಿದ ಕಾರು ಮಾತ್ರ ಬೇಡ. 2022ರ ಏಪ್ರಿಲ್‌ನಿಂದ ಅದರ ನೋಂದಣಿ ನವೀಕರಣದ ಶುಲ್ಕವೇ 5,000 ರೂಪಾಯಿ.

ಎಂಜಿನ್ನು, ಟೈರುಗಳನ್ನು ಮೆಕ್ಯಾನಿಕ್ ನೋಡಿಯಾನು. ಕಾಗದಗಳನ್ನು ಮಾತ್ರ ನಾವೇ ನೋಡಬೇಕು. ಇದನ್ನು ನಾವು ದುಡ್ಡು ತೆತ್ತು ಕಲಿತಿದ್ದೇವೆ. 2012ರಲ್ಲಿ ನಮ್ಮ ಹಳೆಯ ಮಾರುತಿ 800ನ್ನು ಒಬ್ಬ ದಲ್ಲಾಳಿಗೆ ಮಾರಿದೆವು. ಫಾರಂ 29 ಮತ್ತು 30ಕ್ಕೆ ಖಾಲಿಯಾಗಿಯೇ ಸಹಿ ಹಾಕಿ, ನಗದು ಎಣಿಸಿಕೊಂಡು ಮನೆಗೆ ಬಂದೆವು. ಇನ್ನೊಬ್ಬರ ಕಾಗದದಲ್ಲಿ ಒಂದು ಸಹಿ ಕಡಿಮೆಯಾದರೆ ಹಿಂದಕ್ಕೆ ಕಳಿಸುವ ನಾವು! ಮೂರು ವರ್ಷದ ನಂತರ ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ನೋಟೀಸು ಬಂದಿತು. ಕಾರು ಮೂರು ಕೈ ದಾಟಿ, ವಿಮೆ ಮುಗಿದು, ಒಬ್ಬ ಸ್ಕೂಟರ್ ಸವಾರನ ಕಾಲು ಮುರಿದಿತ್ತು. ಆರ್.ಸಿ.ಯಲ್ಲಿ ನಮ್ಮ ಹೆಸರೇ ಇತ್ತು. ಮಗಳ ಮದುವೆಗೆಂದು ಇಟ್ಟಿದ್ದ ಠೇವಣಿಯಲ್ಲಿ 1,40,000 ರೂಪಾಯಿ ಮುರಿದು ರಾಜಿಯಾದೆವು. ಸಿಟ್ಟು ಬಂದಿತ್ತು, ನಿಜ. ಆದರೆ ಊರುಗೋಲು ಹಿಡಿದು ಬಂದಿದ್ದ ಆತನ ಮೇಲೆ ಸಿಟ್ಟಾಗುವುದು ಹೇಗೆ? 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಪ್ರಕರಣದಲ್ಲಿ, ಕಾರು ಎಷ್ಟು ಕೈ ಬದಲಾಗಿದ್ದರೂ ನೋಂದಣಿಯಲ್ಲಿ ಹೆಸರಿರುವವನೇ ಮಾಲೀಕನೆಂದು ಸ್ಪಷ್ಟವಾಗಿ ಹೇಳಿದೆ.

ಕೊಳ್ಳುವವರಿಗೂ ಇದರಿಂದ ನಷ್ಟವೇ. ಕಾರು ಕೈ ಬದಲಾದ 14 ದಿನಗಳೊಳಗೆ ವಿಮೆಯಲ್ಲಿ ಹೆಸರು ಬದಲಿಸಲು ಅರ್ಜಿ ಕೊಡಬೇಕು. ಮೂರನೆಯವರಿಗೆ ಆದ ಹಾನಿಗೆ ಹಳೆಯ ಪಾಲಿಸಿ ತಾನಾಗಿಯೇ ಮುಂದುವರಿದೀತು. ಹೆಸರು ಬದಲಾಗದಿದ್ದರೆ ನಮ್ಮ ಕಾರಿನ ಜಖಂಗೆ ಮಾತ್ರ ಕಾಸು ಹುಟ್ಟದು. ನೋ ಕ್ಲೇಮ್ ಬೋನಸ್ ಮಾರಿದವರ ಜೊತೆಗೇ ಹೋಗುತ್ತದೆ.

ನಮ್ಮವರಲ್ಲಿ ಇನ್ನೊಂದು ರೂಢಿಯಿದೆ. ಬೀದರ ಅಥವಾ ಕಲಬುರಗಿಯ ಸೋದರಮಾವ ತಮ್ಮ ಹಳೆಯ ಕಾರನ್ನು "ಓಡಿಸ್ಕೋ ಹೋಗಪ್ಪಾ" ಎಂದು ಅಳಿಯನಿಗೆ ಕೊಟ್ಟುಬಿಡುತ್ತಾರೆ. ಕೆಎ 38, ಕೆಎ 32 ಫಲಕದ ಕಾರುಗಳು ಮಾದಾಪುರದ ಹಾಸ್ಟೆಲುಗಳ ಮುಂದೆ ನಿಂತಿರುವುದನ್ನು ಕಂಡರೆ ನಮಗೂ ಸಂತೋಷವೇ. ಆದರೆ ಬೇರೆ ರಾಜ್ಯದ ವಾಹನ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಮೂಲ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ ತಂದು ಹೊಸ ಸಂಖ್ಯೆ ಪಡೆಯಬೇಕು, ತೆಲಂಗಾಣದ ಆಜೀವ ತೆರಿಗೆಯನ್ನು ಕಾರಿನ ವಯಸ್ಸಿಗೆ ತಕ್ಕಂತೆ ಕಟ್ಟಬೇಕು. ಕರ್ನಾಟಕದಲ್ಲಿ ಕಟ್ಟಿದ್ದರಲ್ಲಿ ಒಂದು ಭಾಗವನ್ನು ಹಿಂದಕ್ಕೆ ಕೇಳಬಹುದು. ಬಹಳ ಜನ ಕೇಳುವುದೇ ಇಲ್ಲ. ಪುಕ್ಕಟೆ ಕಾರಿನ ನಿಜವಾದ ಬೆಲೆ ಇದನ್ನೆಲ್ಲ ಕೂಡಿದಾಗಲೇ ತಿಳಿಯುವುದು. ಹೆಸರು ಮಾವನದೇ ಉಳಿದರೆ, ಅಳಿಯ ಮಾಡಿದ ಅಪಘಾತದ ನೋಟೀಸು ಹೋಗುವುದೂ ಬೀದರಕ್ಕೇ.

ರಾಯಚೂರಿನ ಆ ಹಿರಿಯರು ಕೊನೆಗೆ ಸಾಲದ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಎಂಟು ವರ್ಷದ ಒಂದು ಕಾರನ್ನು ಹಣ ಕೊಟ್ಟೇ ಕೊಳ್ಳಲು ನಿಶ್ಚಯಿಸಿದರು. ಆರ್.ಸಿ. ನೋಡಿದರೆ ಹಿಂದಿನ ಮಾಲೀಕರ ಸಾಲದ ನಮೂದು ಹಾಗೆಯೇ ಇತ್ತು. ಸಾಲ ತೀರಿತ್ತಂತೆ, ಫಾರಂ 35 ಮಾತ್ರ ಯಾರೂ ಸಲ್ಲಿಸಿರಲಿಲ್ಲ. ಅದಾಗುವವರೆಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿರೆಂದೆವು. ಮೂರು ವಾರ ಹಿಡಿಯಿತು. ಅಷ್ಟು ದಿನವೂ ಹುಡುಗ ಅಮೀರ್‌ಪೇಟೆಯಿಂದ ಹೈಟೆಕ್ ಸಿಟಿಗೆ ಮೆಟ್ರೋದಲ್ಲಿಯೇ ಓಡಾಡಿದ. ಕಾರು ಮನೆಗೆ ಬಂದ ಮೇಲೂ ಕಾಲೇಜಿಗೆ ಮೆಟ್ರೋವೇ, ಇಲ್ಲಿ ಗಾಡಿ ನಿಲ್ಲಿಸಲು ಜಾಗವೆಲ್ಲಿದೆ ಎಂದು ಮೊನ್ನೆ ಪಾಸ್‌ಬುಕ್ಕಿಗೆ ಬಂದಾಗ ಅವರೇ ನಗುತ್ತ ಹೇಳಿದರು. ಭಾನುವಾರ ಮಾತ್ರ ಅಪ್ಪ ಮಗ ಇಬ್ಬರೂ ಅದನ್ನು ತೊಳೆಯುತ್ತಾರಂತೆ.