ಸಮತೋಲಿತ ಕೇಬಲ್: ಕೊಳ್ಳುವುದು ಬೆಳ್ಳಿಯನ್ನೋ, ನಿಶ್ಶಬ್ದವನ್ನೋ?

ಸಂಗೀತ ಕಛೇರಿಯಲ್ಲಿ ಗಾಯಕರು ಕ್ಷಣಕಾಲ ಮೌನವಾದಾಗ ಧ್ವನಿವರ್ಧಕದಿಂದ ಹೊರಡುವ 'ಗುಂಯ್' ಎಂಬ ಸದ್ದು ಎಲ್ಲರಿಗೂ ಪರಿಚಿತ. ಸುತ್ತಲಿನ ವಿದ್ಯುತ್ ತಂತಿಗಳಲ್ಲಿ ಹರಿಯುವ 50 ಹರ್ಟ್ಸ್ ಪ್ರವಾಹ ಧ್ವನಿಸಂಕೇತದೊಳಗೆ ನುಸುಳುವುದೇ ಇದಕ್ಕೆ ಮುಖ್ಯ ಕಾರಣ. ಈ ನುಸುಳುವಿಕೆಯನ್ನು ತಡೆಯುವುದಕ್ಕೆಂದೇ ಇರುವುದು 'ಬ್ಯಾಲೆನ್ಸ್ಡ್' ಅಥವಾ ಸಮತೋಲಿತ ಕೇಬಲ್. ಧ್ವನಿಮುದ್ರಣ ಕೇಂದ್ರಗಳಲ್ಲಿ ಸಾಮಾನ್ಯ ಉಪಕರಣವಾಗಿರುವ ಇದು, ದುಬಾರಿ ಸಂಗೀತ ಸಾಧನಗಳ ಮಾರುಕಟ್ಟೆಯಲ್ಲಿ ಲಕ್ಷ ರೂಪಾಯಿ ಮೀರಿದ ಬೆಲೆಗೂ ಮಾರಾಟವಾಗುತ್ತದೆ. ಬೆಳ್ಳಿಯ ತಂತಿಯಿಂದ ನಾದಕ್ಕೆ ಹೊಳಪು ಬರುತ್ತದೆ, ತಾಮ್ರದಿಂದ ಮಾಧುರ್ಯ ಬರುತ್ತದೆ ಎಂಬ ಮಾತುಗಳೂ ಕೇಳಿಬರುತ್ತವೆ. ಇವುಗಳಲ್ಲಿ ನಿಜವೆಷ್ಟು?

ದೂರವಾಣಿಯ ಕೊಡುಗೆ

ಸಮತೋಲಿತ ತಂತಿಯ ಕಲ್ಪನೆ ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ, ದೂರವಾಣಿಗಾಗಿ. ಆರಂಭದ ದೂರವಾಣಿಗಳು ಒಂದೇ ತಂತಿಯನ್ನು ಬಳಸಿ, ಮರಳುವ ಹಾದಿಗೆ ಭೂಮಿಯನ್ನೇ ಅವಲಂಬಿಸಿದ್ದವು. ಪಕ್ಕದ ತಂತಿಗಳ ಸದ್ದೆಲ್ಲ ಮಾತಿನೊಳಗೆ ಬೆರೆಯುತ್ತಿತ್ತು. ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಬಳಸುವ ವಿಧಾನಕ್ಕೆ ಅಲೆಗ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದರು.

ಇದರ ತತ್ತ್ವವನ್ನು ತಕ್ಕಡಿಗೆ ಹೋಲಿಸಬಹುದು. ಎರಡೂ ತಟ್ಟೆಗಳ ಮೇಲೆ ಮಳೆಯ ನೀರು ಸಮನಾಗಿ ಬಿದ್ದರೆ ಮುಳ್ಳು ಕದಲುವುದಿಲ್ಲ. ಒಂದು ತಟ್ಟೆಗೆ ಮಾತ್ರ ತೂಕವಿಟ್ಟರೆ ವಾಲುತ್ತದೆ. ಸಮತೋಲಿತ ಕೇಬಲಿನಲ್ಲಿ ಸಂಕೇತವನ್ನು ಒಯ್ಯುವ ತಂತಿಗಳು ಎರಡು. ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬೀಳುತ್ತದೆ. ಸ್ವೀಕರಿಸುವ ಉಪಕರಣ ಅವುಗಳ ನಡುವಿನ ವ್ಯತ್ಯಾಸವನ್ನಷ್ಟೇ ಅಳೆಯುವುದರಿಂದ ಗದ್ದಲ ಕಳೆದುಹೋಗಿ ಸಂಗೀತ ಉಳಿಯುತ್ತದೆ.

ಎರಡು ತಂತಿಗಳಲ್ಲಿ ಪರಸ್ಪರ ವಿರುದ್ಧವಾದ ಸಂಕೇತಗಳು ಹರಿಯುವುದೇ ಸಮತೋಲನ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಪೂರ್ಣ ಸತ್ಯವಲ್ಲ. ಭೂಮಿಗೆ ಹೋಲಿಸಿದಾಗ ಎರಡೂ ತಂತಿಗಳ ಇಂಪೀಡೆನ್ಸ್, ಅಂದರೆ ಪರ್ಯಾಯ ಪ್ರವಾಹಕ್ಕೆ ಎದುರಾಗುವ ಒಟ್ಟು ತಡೆ, ಸಮನಾಗಿರುವುದೇ ಮುಖ್ಯ ಎಂಬುದನ್ನು ಅಮೆರಿಕದ ಎಂಜಿನಿಯರ್ ಬಿಲ್ ವಿಟ್ಲಾಕ್ 1995ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಈ ಸಮಾನತೆ ಇದ್ದರೆ ಒಂದು ತಂತಿಯಲ್ಲಿ ಸಂಕೇತವೇ ಇಲ್ಲದಿದ್ದರೂ ಗದ್ದಲ ಅಳಿಯುತ್ತದೆ. ಅರ್ಥಾತ್, ಸಮತೋಲನ ಕೇವಲ ಕೇಬಲಿನ ಗುಣವಲ್ಲ. ಅದರ ಎರಡೂ ತುದಿಯ ಉಪಕರಣಗಳ ಗುಣವೂ ಹೌದು.

ಒಳಗೇನಿದೆ?

ಉತ್ತಮ ಕೇಬಲಿನಲ್ಲಿ ಗಮನಿಸಬೇಕಾದ ಅಂಶಗಳು ಕೆಲವೇ. ಮೊದಲನೆಯದು ಹೊಸೆತ. ತಂತಿಗಳು ಬಿಗಿಯಾಗಿ ಹೊಸೆದಿದ್ದಷ್ಟೂ ಹೊರಗಿನ ಕಾಂತಕ್ಷೇತ್ರ ಎರಡನ್ನೂ ಸಮನಾಗಿ ತಟ್ಟುತ್ತದೆ. 'ಸ್ಟಾರ್ ಕ್ವಾಡ್' ವಿನ್ಯಾಸದಲ್ಲಿ ನಾಲ್ಕು ತಂತಿಗಳನ್ನು ಹೊಸೆದು, ಎದುರುಬದುರಾದ ಎರಡೆರಡನ್ನು ಜೋಡಿಸಲಾಗುತ್ತದೆ. ದೀಪ ಮಂದಗೊಳಿಸುವ ಡಿಮ್ಮರುಗಳೂ ವಿದ್ಯುತ್ ಪರಿವರ್ತಕಗಳೂ ಇರುವ ವೇದಿಕೆಗಳಲ್ಲಿ ಇದರ ಪ್ರಯೋಜನ ನೈಜವಾದುದು.

ಎರಡನೆಯದು ಲೋಹದ ಕವಚ. ಹೆಣೆದ ತಾಮ್ರದ ಕವಚ ಬಾಳಿಕೆ ಬರುತ್ತದೆ. ತೆಳು ಹಾಳೆಯ ಕವಚ ತಂತಿಯನ್ನು ಪೂರ್ತಿಯಾಗಿ ಮುಚ್ಚಿದರೂ ಪದೇ ಪದೇ ಮಡಿಸಿದರೆ ಹರಿಯುವುದುಂಟು. ಮೂರನೆಯದು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಜೋಡಕ. ಇದರಲ್ಲಿ 1ನೇ ಪಿನ್ ಕವಚಕ್ಕೆ, 2 ಮತ್ತು 3ನೇ ಪಿನ್‌ಗಳು ಸಂಕೇತಕ್ಕೆ ಮೀಸಲು. ಕೇಬಲ್ ಕೈಕೊಡುವುದು ಹೆಚ್ಚಾಗಿ ಇಲ್ಲಿನ ಬೆಸುಗೆಯಲ್ಲೇ.

ನಾದದ ಲೆಕ್ಕಾಚಾರ

ಇನ್ನು ಕೇಬಲಿನ 'ನಾದಗುಣ'ದ ಪ್ರಶ್ನೆ. ತಂತಿಗಳ ನಡುವೆ ವಿದ್ಯುದಂಶ ಸಂಗ್ರಹವಾಗುವ ಗುಣವಾದ ಕೆಪಾಸಿಟೆನ್ಸ್, ಎತ್ತರದ ಸ್ವರಗಳನ್ನು ಕುಗ್ಗಿಸಬಲ್ಲದು ಎಂಬುದು ನಿಜ. ಆದರೆ ಎಷ್ಟು? ಮೀಟರಿಗೆ 100 ಪಿಕೊಫ್ಯಾರಡ್‌ನಂತೆ 10 ಮೀಟರ್ ಕೇಬಲಿಗೆ 1,000 ಪಿಕೊಫ್ಯಾರಡ್ ಎಂದಿಟ್ಟುಕೊಳ್ಳೋಣ. ಸಂಕೇತ ನೀಡುವ ಉಪಕರಣದ ಇಂಪೀಡೆನ್ಸ್ 100 ಓಮ್ ಇದ್ದರೆ, ಗಮನಾರ್ಹ ಕುಸಿತ ಎದುರಾಗುವುದು ಸುಮಾರು 16 ಲಕ್ಷ ಹರ್ಟ್ಸ್‌ನಲ್ಲಿ. ಮನುಷ್ಯನ ಕಿವಿಯ ಮಿತಿ ಸುಮಾರು 20,000 ಹರ್ಟ್ಸ್. ಅದೇ ಕೇಬಲನ್ನು 10,000 ಓಮ್ ಇಂಪೀಡೆನ್ಸಿನ ಸಾಧನಕ್ಕೆ ಜೋಡಿಸಿದರೆ ಕುಸಿತ 16,000 ಹರ್ಟ್ಸ್‌ಗೇ ಬರುತ್ತದೆ. ಆಗ ಬದಲಾವಣೆ ಕಿವಿಗೆ ಕೇಳಿಸಬಹುದು. ಆದರೆ ಅದರ ಮೂಲ ಕಾರಣ ಕೇಬಲ್ ಅಲ್ಲ, ಸಾಧನ.

ಬೆಳ್ಳಿಯ ವಿಷಯವೂ ಹೀಗೆಯೇ. ತಾಮ್ರಕ್ಕಿಂತ ಅದು ಸುಮಾರು ಶೇ. 6ರಷ್ಟು ಉತ್ತಮ ವಾಹಕ. ಕೆಲವೇ ಮೀಟರ್ ಉದ್ದದ ತಂತಿಯ ರೋಧ ಸಾಮಾನ್ಯವಾಗಿ ಒಂದು ಓಮ್‌ಗಿಂತಲೂ ಕಡಿಮೆ; ಸ್ವೀಕರಿಸುವ ಉಪಕರಣದ್ದು ಸಾವಿರಾರು ಓಮ್. ಇಂತಹ ಕಡೆ ಶೇ. 6ರ ಉಳಿತಾಯಕ್ಕೆ ಅರ್ಥವಿಲ್ಲ.

ಹಾಗಾದರೆ ಸಮತೋಲಿತ ಕೇಬಲಿಗೆ ಬದಲಾಯಿಸಿದೊಡನೆ ಸಂಗೀತಕ್ಕೆ ಜೀವ ಬಂದಂತೆ ಅನಿಸುವುದೇಕೆ? ಮನೆಯ ಹಲವು ಉಪಕರಣಗಳು ಸಾಮಾನ್ಯ ಜೋಡಕದಲ್ಲಿ 2 ವೋಲ್ಟ್ ನೀಡಿದರೆ, ಎಕ್ಸ್‌ಎಲ್‌ಆರ್ ಜೋಡಕದಲ್ಲಿ 4 ವೋಲ್ಟ್ ನೀಡುತ್ತವೆ. ಇದು 6 ಡೆಸಿಬಲ್ ಹೆಚ್ಚಳ. ಜೋರಾದ ಸಂಗೀತವನ್ನು ಕಿವಿ ಉತ್ತಮ ಸಂಗೀತವೆಂದೇ ಗ್ರಹಿಸುವುದರಿಂದ ಹೊಗಳಿಕೆ ಕೇಬಲಿನ ಪಾಲಾಗುತ್ತದೆ.

ನಿಜವನ್ನು ಪರೀಕ್ಷಿಸುವುದು ಕಷ್ಟವಲ್ಲ. ಧ್ವನಿಯ ಮಟ್ಟವನ್ನು ಸಮಗೊಳಿಸಿ, ಕೇಳುವವರಿಗೆ ತಿಳಿಯದಂತೆ ಬೇರೊಬ್ಬರು ಕೇಬಲನ್ನು ಆಯ್ದು ಜೋಡಿಸಲಿ. ಹೀಗೆ 10 ಬಾರಿ ಮಾಡಿ ಉತ್ತರಗಳನ್ನು ಬರೆದಿಡಬೇಕು. ನಾಣ್ಯ ಚಿಮ್ಮಿ ಉತ್ತರಿಸಿದರೂ ಐದಾರು ಸರಿಯಾಗುವುದು ಸಹಜ. 9 ಅಥವಾ 10 ಸರಿಯಾಗುವ ಸಾಧ್ಯತೆ ಸುಮಾರು ಶೇ. 1 ಮಾತ್ರ. ಅಷ್ಟನ್ನು ಗುರುತಿಸಿದವರ ಮಾತಿಗೆ ಬೆಲೆಯಿದೆ.

ಜೀವದ ಪ್ರಶ್ನೆಯೂ ಹೌದು

ಗುಂಯ್‌ಗುಟ್ಟುವಿಕೆ ನಿಲ್ಲದಿದ್ದಾಗ ವಿದ್ಯುತ್ ಪ್ಲಗ್ಗಿನ ಅರ್ತ್ ಸಂಪರ್ಕವನ್ನೇ ತಪ್ಪಿಸುವ ಕೆಟ್ಟ ರೂಢಿ ಅಲ್ಲಲ್ಲಿ ಇದೆ. ಸದ್ದೇನೋ ನಿಲ್ಲಬಹುದು, ಆದರೆ ಉಪಕರಣದೊಳಗೆ ದೋಷ ಉಂಟಾದರೆ ಮೈಕ್ ಹಿಡಿದವರ ಜೀವವೇ ಹೋಗಬಹುದು. ಬ್ರಿಟನ್ನಿನ 'ಸ್ಟೋನ್ ದ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ ತಿಂಗಳಲ್ಲಿ ಸ್ವಾನ್‌ಸೀ ನಗರದ ವೇದಿಕೆಯಲ್ಲಿ, ಸರಿಯಾದ ಅರ್ತಿಂಗ್ ಇಲ್ಲದ ಮೈಕ್ ಮುಟ್ಟಿ ವಿದ್ಯುದಾಘಾತದಿಂದ ಮೃತಪಟ್ಟರು. ಅರ್ತ್ ಸಂಪರ್ಕವನ್ನು ಹಾಗೆಯೇ ಉಳಿಸಿಕೊಂಡು ಸದ್ದನ್ನು ನಿವಾರಿಸುವ ಸರಿಯಾದ ಮಾರ್ಗವೇ ಸಮತೋಲಿತ ಜೋಡಣೆ.

ಅದರಲ್ಲೂ ಸದ್ದು ಉಳಿದರೆ ಉಪಕರಣವನ್ನು ಶಂಕಿಸಬೇಕು. ಕೇಬಲಿನ ಕವಚವನ್ನು ಲೋಹದ ಪೆಟ್ಟಿಗೆಗೆ ಜೋಡಿಸದೆ ಒಳಗಿನ ಸರ್ಕಿಟ್ಟಿಗೆ ಜೋಡಿಸಿದರೆ ಕವಚದ ಗದ್ದಲವೆಲ್ಲ ನೇರವಾಗಿ ಸಂಗೀತಕ್ಕೆ ಸೇರುತ್ತದೆ. 'ಒಂದನೇ ಪಿನ್ ಸಮಸ್ಯೆ' ಎನ್ನಲಾಗುವ ಈ ದೋಷವನ್ನು ನೀಲ್ ಮನ್ಸಿ 1995ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದರು. ಇದನ್ನು ತಪ್ಪಿಸುವ ಎಇಎಸ್48 ಮಾನದಂಡ 2005ರಲ್ಲಿ ಬಂದಿತು. ಯಾವ ಬೆಳ್ಳಿಯ ತಂತಿಯೂ ಈ ದೋಷವನ್ನು ಸರಿಪಡಿಸಲಾರದು.

ಆದ್ದರಿಂದ ಕೊಳ್ಳುವವರು ಗಮನಿಸಬೇಕಾದದ್ದು ಗಟ್ಟಿಮುಟ್ಟಾದ ಜೋಡಕ, ಅಚ್ಚುಕಟ್ಟಾದ ಬೆಸುಗೆ, ಒಳ್ಳೆಯ ಕವಚ ಹಾಗೂ ಬೇಕಾದಷ್ಟೇ ಉದ್ದ. ಇವೆಲ್ಲವೂ ಸಾಧಾರಣ ಬೆಲೆಗೇ ದೊರೆಯುತ್ತವೆ. ಉಳಿದ ಹಣವನ್ನು ಉತ್ತಮ ಸ್ಪೀಕರಿಗೋ, ಕೋಣೆಯ ಪ್ರತಿಧ್ವನಿ ತಗ್ಗಿಸುವುದಕ್ಕೋ ಬಳಸಿದರೆ ಫಲ ಕಿವಿಗೇ ತಿಳಿಯುತ್ತದೆ. ಒಳ್ಳೆಯ ಕೇಬಲಿಗೆ ತನ್ನದೇ ಆದ ನಾದವಿರುವುದಿಲ್ಲ. ಅದು ಇದೆಯೆಂಬುದೇ ಮರೆತುಹೋದರೆ ಅದರ ಕೆಲಸ ಸಫಲವಾದಂತೆ.